ಕಿವಿಯೊಳಗಿನ ಗಾಂಧಾರ

ತ್ಯಾಗರಾಜನಗರದ ಮನೆಯಲ್ಲಿ ಚಕ್ರಪಾಣಿಯವರಿಗೆ ಬೆಳಿಗ್ಗೆ ಆರು ಗಂಟೆಗೆ ಒಂದು ಕೆಲಸವಿತ್ತು. ಹಾಲು ತಂದಿಟ್ಟು, ಕೈಕಾಲು ತೊಳೆದು, ಮುಂಗೋಣೆಯ ಮೂಲೆಯಲ್ಲಿ ಒರಗಿ ನಿಂತ ತಂಬೂರಿಯ ಗವಸು ತೆಗೆದು ಅದನ್ನು ಶ್ರುತಿ ಮಾಡುವುದು. ಅಷ್ಟರಲ್ಲಿ ಹೆಂಡತಿ ಸೀತಾಲಕ್ಷ್ಮಿ ಕಾಫಿ ಮುಗಿಸಿ ಬಂದು ಚಾಪೆಯ ಮೇಲೆ ಕೂತು, "ಸೇರಿತಾ?" ಎಂದು ಕೇಳುತ್ತಿದ್ದರು. ಇವರು ನಾಲ್ಕೂ ತಂತಿಗಳನ್ನು ಇನ್ನೊಂದು ಸುತ್ತು ಮೀಟಿ, ಕಣ್ಣು ಮುಚ್ಚಿ ಕೇಳಿ, "ಸೇರಿತು" ಎನ್ನುತ್ತಿದ್ದರು. ಆಮೇಲೆ ಆಕೆ ಹಾಡಲು ಶುರು ಮಾಡುತ್ತಿದ್ದರು. ಮೂವತ್ತೆಂಟು ವರ್ಷಗಳಲ್ಲಿ ಆ ಒಂದು ಮಾತು ಬೀಳದೆ ಆಕೆ ಬಾಯಿ ತೆರೆದದ್ದಿಲ್ಲ.

ಚಕ್ರಪಾಣಿಯವರು ಹಾಡುಗಾರರಲ್ಲ. ತಾವು ಹಾಡಿದರೆ ಬೀದಿಯ ನಾಯಿ ಎದ್ದು ಪಕ್ಕದ ಬೀದಿಗೆ ಹೋಗುತ್ತದೆ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಆದರೆ ಕಿವಿ ಇತ್ತು. ಆ ಕಿವಿಯಿಂದಲೇ ಅವರು ನೀರು ಸರಬರಾಜಿನ ಕಚೇರಿಯಲ್ಲಿ ಮೂವತ್ತೈದು ವರ್ಷ ಸಂಬಳ ಪಡೆದದ್ದು. ನೆಲದೊಳಗೆ ಪೈಪು ಎಲ್ಲಿ ಒಡೆದಿದೆ ಎಂದು ರಸ್ತೆ ಅಗೆಯದೆ ಪತ್ತೆ ಮಾಡುವುದು ಅವರ ಉದ್ಯೋಗ. ವಾಲ್ವಿನ ಮೇಲೆ ಐದಡಿಯ ಕಬ್ಬಿಣದ ಸರಳು ನಿಲ್ಲಿಸಿ, ಅದರ ಮೇಲ್ತುದಿಗೆ ಕಿವಿಯೊತ್ತಿ ಉಸಿರು ಹಿಡಿದು ನಿಂತರೆ, ಸೋರುವ ನೀರಿನ ಸದ್ದು ಸರಳನ್ನು ಹತ್ತಿ ಬರುತ್ತದೆ. ಹನುಮಂತನಗರದಿಂದ ಬನಶಂಕರಿಯ ಕೊನೆಯ ಹಂತದವರೆಗೆ ಅವರು ಆ ಸರಳಿಗೆ ಕಿವಿ ಕೊಟ್ಟು ನಿಲ್ಲದ ರಸ್ತೆಯಿರಲಿಲ್ಲ. ಅಗೆಯುವ ಲಕ್ಕಪ್ಪ ಅವರನ್ನು ಹೆಸರಿನಿಂದ ಕರೆಯುತ್ತಲೇ ಇರಲಿಲ್ಲ. "ಕಿವಿ ಸಾರ್ ಗೀಟು ಹಾಕಿದ್ರೆ ಮುಗೀತು, ಗುದ್ದಲಿ ಹಾಕೋದಷ್ಟೇ ಬಾಕಿ" ಎನ್ನುತ್ತಿದ್ದ.

ಮದುವೆಯಾದದ್ದೂ ಕಿವಿಯಿಂದಲೇ. ಹೆಣ್ಣು ನೋಡಲು ಹೋದಾಗ ಸೀತಾಲಕ್ಷ್ಮಿ ತಂಬೂರಿ ಹಿಡಿದು ಕೂತಿದ್ದರು. ಹಾಡು ಶುರುವಾಗುವ ಮೊದಲೇ ವರ, "ಪಂಚಮ ಒಂಚೂರು ಇಳಿದ ಹಾಗಿದೆ" ಎಂದುಬಿಟ್ಟರು. ಹಿರಿಯರೆಲ್ಲ ನೆಲ ನೋಡಿದರು. ಹುಡುಗಿ ಮಾತ್ರ ತಲೆ ಬಗ್ಗಿಸಿಕೊಂಡೇ ತಂತಿಯ ಮಣಿಯನ್ನು ಒಂದು ಅಕ್ಕಿಕಾಳಿನಷ್ಟು ಸರಿಸಿ, ಮೀಟಿ ನೋಡಿ, ತಲೆಯೆತ್ತಿ ಇವರತ್ತ ಒಮ್ಮೆ ದಿಟ್ಟಿಸಿದರು. ಸರಿಯಾಗಿತ್ತು. ಮದುವೆಯಾದ ಮಾರನೆಯ ವಾರದಿಂದ ತಂಬೂರಿ ಇವರ ಕೈಗೆ ಬಂತು.

ತಂಬೂರಿ ಶ್ರುತಿ ಮಾಡುವವರಿಗೆ ಒಂದು ಗುರುತಿದೆ. ಪಂಚಮದ ತಂತಿ, ಮಧ್ಯದ ಎರಡು ಷಡ್ಜದ ತಂತಿಗಳು, ಕೊನೆಗೆ ಮಂದ್ರ ಷಡ್ಜ. ಇವಿಷ್ಟನ್ನೇ ಕೂಡಿಸುವುದು. ತಂತಿಗಳನ್ನು ಹೊತ್ತ ಮರದ ಕುದುರೆಯ ಮೇಲೆ, ತಂತಿಗಳ ಕೆಳಗೆ ಹತ್ತಿಯ ಎಳೆಯೊಂದನ್ನು ತೂರಿಸಿ ಅತ್ತಿತ್ತ ಸರಿಸುವುದು. ಆ ಎಳೆಗೆ ಜೀವ ಎಂದು ಹೆಸರು. ಎಲ್ಲವೂ ಕೂದಲೆಳೆಯಷ್ಟು ಕರಾರುವಾಕ್ಕಾಗಿ ಕೂಡಿದಾಗ, ಯಾರೂ ಕಟ್ಟದ, ಯಾರೂ ಮೀಟದ ಗಾಂಧಾರ ಮಂದ್ರ ತಂತಿಯೊಳಗಿಂದ ತಾನಾಗಿ ಏಳುತ್ತದೆ. ಅದನ್ನು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಅದು ಕೇಳಿಸಿತೆಂದರೆ ಸೇರಿತು. ಚಕ್ರಪಾಣಿಯವರು ದಿನಾ ಬೆಳಿಗ್ಗೆ ಕಾಯುತ್ತಿದ್ದುದು ಅದಕ್ಕೆ.

ಎರಡು ವರ್ಷದ ಹಿಂದೆ ಆ ಗಾಂಧಾರ ಬಲು ಬೇಗ ಏಳತೊಡಗಿತು. ಮೊದಲು ಕಾಲು ಗಂಟೆ ಹಿಡಿಯುತ್ತಿದ್ದದ್ದು ಐದು ನಿಮಿಷಕ್ಕಿಳಿಯಿತು. "ವಯಸ್ಸಾದ ಹಾಗೆ ಮರ ಪಳಗ್ತಿದೆ ಕಣೇ" ಎಂದು ಅವರು ಹೆಂಡತಿಗೆ ಹೆಮ್ಮೆಯಿಂದ ಹೇಳಿದರು. ಆಕೆ "ಹೂಂ" ಎಂದರು. ಆಷಾಢದ ಒಂದು ಬೆಳಿಗ್ಗೆ ಹಾಲಿನ ಪಾತ್ರೆ ಒಲೆಯ ಮೇಲಿಟ್ಟು ಮುಂಗೋಣೆಗೆ ಬಂದವರಿಗೆ ಗಾಂಧಾರ ಕೇಳಿಸುತ್ತಿತ್ತು. ಶುದ್ಧವಾಗಿ, ತೆಳ್ಳಗೆ, ಎಲ್ಲೋ ಮೂರು ಸ್ಥಾಯಿ ಮೇಲೆ. ತಂಬೂರಿ ಇನ್ನೂ ಗವಸಿನೊಳಗಿತ್ತು.

ಮೊದಲು ಅವರು ಮನೆಯನ್ನು ಶಂಕಿಸಿದರು. ಫ್ರಿಡ್ಜಿನ ಸ್ವಿಚ್ಚು ತೆಗೆದರು. ಇನ್ವರ್ಟರ್ ಆರಿಸಿದರು. ಸ್ಕ್ರೂಡ್ರೈವರಿನ ಮೊನೆಯನ್ನು ಗೋಡೆಗೂ ಪಂಪಿನ ಪೈಪಿಗೂ ಇಟ್ಟು ಹಿಡಿಕೆಗೆ ಕಿವಿಯೊತ್ತಿ ಮನೆಯಿಡೀ ಸುತ್ತಿದರು. ಎಲ್ಲಿ ಇಟ್ಟರೂ ಸದ್ದು ಅಷ್ಟೇ ಇತ್ತು. ಮೂವತ್ತೈದು ವರ್ಷದ ಕೆಲಸದಲ್ಲಿ ಅವರಿಗೆ ಗೊತ್ತಿದ್ದ ನಿಯಮ ಒಂದೇ. ಸರಳು ಎಲ್ಲಿಟ್ಟರೂ ಸದ್ದು ಒಂದೇ ಸಮ ಬಂದರೆ, ಸೋರಿಕೆ ಅಲ್ಲೆಲ್ಲೂ ಇಲ್ಲ. ಕೊನೆಗೆ ಸ್ಕ್ರೂಡ್ರೈವರ್ ಕೆಳಗಿಟ್ಟು ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚಿಕೊಂಡರು. ಗಾಂಧಾರ ಇನ್ನೂ ಜೋರಾಯಿತು.

ಜಯನಗರದ ಕಿವಿ ಡಾಕ್ಟರು ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಒಂದೊಂದೇ ಸದ್ದು ಕೇಳಿಸಿದರು.

"ಯಾವುದು ನಿಮ್ಮ ಕಿವೀಲಿ ಬರ್ತಿರೋ ಥರ ಇದೆ ಹೇಳಿ ಸಾರ್."

"ಇದೇ ಸ್ವರ, ಇನ್ನೂ ಒಂದು ಸ್ಥಾಯಿ ಮೇಲೆ ಹೋಗಿ ಡಾಕ್ಟ್ರೇ."

ಡಾಕ್ಟರು ನಕ್ಕರು. "ಇಷ್ಟು ಕರೆಕ್ಟಾಗಿ ಯಾರೂ ಹೇಳಲ್ಲ. ನರ ಸವೆದಿದೆ. ಮೇಲಿನ ಸದ್ದುಗಳು ನಿಮಗೆ ಹೊರಗಿಂದ ಕೇಳ್ತಿಲ್ಲ. ಕೇಳದೆ ಇರೋದನ್ನ ಮಿದುಳು ತಾನೇ ಮಾಡ್ಕೊಳ್ತಿದೆ."

"ನಿಲ್ಲೋದು?"

"ನಿಲ್ಲಲ್ಲ. ಅದರ ಜೊತೆ ಇರೋದು ರೂಢಿ ಆಗುತ್ತೆ. ಫ್ಯಾನ್ ಹಾಕ್ಕೊಂಡು ಮಲಗಿ."

ಮನೆಗೆ ಬಂದು ಅವರು ಹೆಂಡತಿಗೆ, ಕಿವಿಯಲ್ಲಿ ಗುಗ್ಗೆ ಕಟ್ಟಿತ್ತಂತೆ, ತೆಗೆದರು ಎಂದರು. ಯಾಕೆ ಹಾಗೆಂದೆ ಎಂದು ಆಮೇಲೆ ಬಸ್ಸಿನಲ್ಲಿ, ಪಾರ್ಕಿನಲ್ಲಿ, ಬಟ್ಟೆ ಒಣಹಾಕುವಾಗ ಕೇಳಿಕೊಂಡರು. ಷಡ್ಜ ಪಂಚಮಗಳು ಹತ್ತಿರ ಬಂದದ್ದು ಅವರಿಗೆ ಈಗಲೂ ತಿಳಿಯುತ್ತಿತ್ತು. ಕೊನೆಯ ಕೂದಲೆಳೆ ತಿಳಿಯುತ್ತಿರಲಿಲ್ಲ. ಅದಕ್ಕೆ ಸಾಕ್ಷಿ ಹೇಳಬೇಕಾದ ಗಾಂಧಾರ, ತಂತಿ ಸೇರಿದರೂ ಸೇರದಿದ್ದರೂ ಕಿವಿಯಲ್ಲಿ ಕೂತು ಹೂಂ ಹೂಂ ಎನ್ನುತ್ತಿತ್ತು. ಇದನ್ನು ಹೇಳಿಬಿಟ್ಟರೆ ಮಾರನೆಯ ದಿನ ಬೆಳಿಗ್ಗೆ ಆಕೆ ಯಾರನ್ನು ಕೇಳಬೇಕು? ಇವರು ಬೆಳಿಗ್ಗೆ ಎದ್ದು ಏನು ಮಾಡಬೇಕು? ಹೇಳಲಿಲ್ಲ. ದಿನಾ ಆರು ಗಂಟೆಗೆ ಅಂದಾಜಿನ ಮೇಲೆ ಮಣಿ ಸರಿಸಿ, "ಸೇರಿತು" ಎನ್ನುತ್ತ ಬಂದರು.

ಹಾಗೇ ಒಂದೂವರೆ ವರ್ಷ ಹೋಯಿತು. ಈ ಸಂಕ್ರಾಂತಿಯ ಹಿಂದಿನ ವಾರ ಒಂದು ಬೆಳಿಗ್ಗೆ ತಂಬೂರಿ ಶ್ರುತಿ ಮಾಡಿಕೊಟ್ಟು, ಚೀಲ ಹಿಡಿದು ತರಕಾರಿಗೆ ಹೊರಟವರು ಕನ್ನಡಕ ಮರೆತು ಗೇಟಿನಿಂದ ಹಿಂದಿರುಗಿದರು. ಕಿಟಕಿಯ ಪರದೆ ಅರ್ಧ ಸರಿದಿತ್ತು. ಪಾಠಕ್ಕೆ ಬಂದ ಎದುರುಮನೆಯ ಇಂಚರ ಚಾಪೆಯ ಮೇಲೆ ಕೂತಿದ್ದಳು. ಸೀತಾಲಕ್ಷ್ಮಿ ತಂಬೂರಿಯನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಅಭ್ಯಾಸವಾದ ಕೈಯಿಂದ, ಸರಸರನೆ ನಾಲ್ಕೂ ಮಣಿಗಳನ್ನು ಸರಿಸುತ್ತಿದ್ದರು. ಜೀವದ ಎಳೆ ಎತ್ತಿ ಮತ್ತೆ ಕೂರಿಸಿದರು. ಹುಡುಗಿ ಏನೋ ಕೇಳಲು ಬಾಯಿ ತೆರೆದಾಗ ಆಕೆ ತುಟಿಯ ಮೇಲೆ ಬೆರಳಿಟ್ಟು, "ಅಂಕಲ್‌ಗೆ ಹೇಳ್ಬಾರ್ದು, ಅಲ್ವಾ?" ಎಂದರು. ಇಂಚರ ತಲೆಯಾಡಿಸಿದಳು. ಆ ತಲೆಯಾಡಿಸುವಿಕೆಯಲ್ಲಿ ಅದು ಹಳೆಯ ಒಪ್ಪಂದವೆಂದು ತಿಳಿಯುತ್ತಿತ್ತು.

ಚಕ್ರಪಾಣಿಯವರು ಕನ್ನಡಕವಿಲ್ಲದೆಯೇ ತರಕಾರಿಗೆ ಹೋದರು. ಆ ದಿನ ಮನೆಗೆ ಬಂದ ಬದನೆಕಾಯಿಗಳಲ್ಲಿ ಅರ್ಧ ಹುಳುಕು.

ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದವಳು ಲಿಖಿತಾ. ದಾವಣಗೆರೆಯ ಕಡೆಯವಳು, ಬ್ಯಾಂಕಿನಲ್ಲಿ ಕೆಲಸ. ಶನಿವಾರ ಭಾನುವಾರ ಐದಾರು ಮಕ್ಕಳಿಗೆ ಯುಕುಲೆಲೆ ಹೇಳಿಕೊಡುತ್ತಿದ್ದಳು. ಮೊಳದುದ್ದದ, ನಾಲ್ಕೇ ತಂತಿಯ ಆ ವಾದ್ಯವನ್ನು ಸೀತಾಲಕ್ಷ್ಮಿ "ಪುಟಾಣಿ" ಎಂದು ಕರೆಯುತ್ತಿದ್ದರು. ಮೇಲಿಂದ ಬರುತ್ತಿದ್ದ ಸದ್ದಿಗೆ ಇಬ್ಬರೂ ಒಗ್ಗಿಹೋಗಿ ಎಷ್ಟೋ ಕಾಲವಾಗಿತ್ತು. ಬದನೆಕಾಯಿಯ ಮರುವಾರ ಚಕ್ರಪಾಣಿಯವರು ತುಳಸಿಗೆ ನೀರು ಹಾಕುತ್ತಿದ್ದಾಗ ಮೇಲಿಂದ ಒಂದು ಮೀಟು ಬಿತ್ತು. ನಾಲ್ಕು ತಂತಿಗಳು ಒಟ್ಟಿಗೆ. ಅವರ ಕೈಯ ಚೊಂಬು ಹಾಗೇ ನಿಂತಿತು. ಕಿವಿಯೊಳಗಿದ್ದದ್ದು ಮೂರು ನಾಲ್ಕು ಸೆಕೆಂಡು ಕಿವಿಯ ಹೊರಗಿತ್ತು.

ಅವರು ಮೆಟ್ಟಿಲು ಹತ್ತಿದರು. ಲಿಖಿತಾ ಬಾಗಿಲಲ್ಲೇ ಸ್ಟೂಲಿನ ಮೇಲೆ ಕೂತಿದ್ದಳು, ಮುಂದೆ ನೋಟ್‌ಬುಕ್ಕು.

"ಡಿಸ್ಟರ್ಬ್ ಆಯ್ತಾ ಅಂಕಲ್? ಸಾರಿ. ಇದು ಸ್ವಲ್ಪ ದರಿದ್ರ ಕಾರ್ಡು, ಒಟ್ಟಿಗೆ ಮೀಟೋ ಸ್ವರಗಳು ಒಂದಕ್ಕೊಂದು ಹೊಂದಲ್ಲ."

"ಅದನ್ನೇ ಇನ್ನೊಂದ್ಸಲ ಬಾರ್ಸಮ್ಮ."

ಅವಳು ಬಾರಿಸಿದಳು. ಅವರು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಹೆಂಡತಿಗೆ ಹೇಳದ್ದನ್ನು, ಬಾಡಿಗೆಯ ಹುಡುಗಿಗೆ, ಚೊಂಬು ಕೈಯಲ್ಲಿ ಹಿಡಿದುಕೊಂಡೇ ಹೇಳಿದರು. ಹೊರಗಿನವರಿಗೆ ಹೇಳುವುದು ಸುಲಭ. ಲಿಖಿತಾ ಕೊನೆಯವರೆಗೂ ಕೇಳಿ, ಫೋನಿನಲ್ಲಿ ಒಂದೊಂದೇ ಸ್ವರ ಬರಿಸಿ, ಇವರು ಕೈಯೆತ್ತಿದ ಕಡೆ ನಿಲ್ಲಿಸಿದಳು.

"ಬಿ. ನಿಮ್ಮ ಕಿವೀಲಿರೋ ಸ್ವರಕ್ಕೆ ನಾವು ಬಿ ಅಂತೀವಿ. ಆಂಟಿ ತಂಬೂರಿ ಷಡ್ಜ ಜಿ ಅಲ್ವಾ? ಜಿ, ಎ, ಬಿ, ಮೂರನೇದು. ಅದಕ್ಕೇ ನಿಮಗದು ಗಾಂಧಾರ. ನಾನು ಬಾರಿಸಿದ್ದು ಬಿ ಡಿಮಿನಿಶ್ಡ್. ನಾಲ್ಕು ತಂತೀಲಿ ಎರಡು ನಿಮ್ಮ ಸ್ವರಾನೇ. ಈ ತುದಿ ತಂತಿ, ಆ ತುದಿ ತಂತಿ. ಎರಡೂ ಬಿ."

"ತಂಬೂರಿಯ ನಡುವಿನ ಜೋಡಿ ತಂತಿ ಹಾಗೆ."

"ಹಾಗೇ. ಆದ್ರೆ ನಡುವೆ ಇರೋ ಎರಡು ಸೇರಿಕೊಂಡು ಅದನ್ನ ಕೆಡಿಸುತ್ತೆ." ಅವಳು ನೋಟ್‌ಬುಕ್ಕು ತಿರುಗಿಸಿ ತೋರಿಸಿದಳು. ಆನ್‌ಲೈನಿನಲ್ಲಿ ಒಂದು ಕೋರ್ಸು ಮಾಡುತ್ತಿದ್ದಳು. ಸಿ ಇಂದ ಹೊರಟ ಏಳು ಸ್ವರಗಳಲ್ಲಿ ಒಂದೊಂದನ್ನೂ ಮನೆ ಮಾಡಿಕೊಂಡು, ಅದೇ ಏಳರಿಂದ ಕಾರ್ಡುಗಳನ್ನು ಕಟ್ಟಿ, ಎಂಟೆಂಟು ಸಾಲಿನ ಸಂಗೀತ ಬರೆಯಬೇಕು. ಆರು ಮುಗಿದಿತ್ತು. "ಏಳನೇದು ಬಿ ಇಂದ. ಲೋಕ್ರಿಯನ್ ಅಂತ. ಇದನ್ನ ಯಾರೂ ಬರೆಯಲ್ಲ ಅಂಕಲ್, ಸುಮ್ನೆ ಹಿಂಸೆ."

"ಗ್ರಹಭೇದ" ಎಂದರು ಚಕ್ರಪಾಣಿ. "ನಮ್ಮಲ್ಲೂ ಮಾಡ್ತಾರೆ. ಶಂಕರಾಭರಣದ ಸ್ವರಗಳನ್ನೇ ಇಟ್ಟುಕೊಂಡು, ರಿ ಇಂದ ಹೊರಟ್ರೆ ಖರಹರಪ್ರಿಯ, ಗ ಇಂದ ತೋಡಿ, ಮ ಇಂದ ಕಲ್ಯಾಣಿ. ಹೀಗೆ ದಾಟ್ಕೊಂಡು ಹೋಗೋದು. ನಿ ಹತ್ರ ಬಂದ್ರೆ ಬಿಟ್ಟುಬಿಡ್ತೀವಿ. ಪಂಚಮವೇ ಸಿಗಲ್ಲ. ಪಂಚಮ ಇರಬೇಕಾದ ಕಡೆ ಪ್ರತಿ ಮಧ್ಯಮ ಬಂದು ಕೂತಿರುತ್ತೆ. ಅದಕ್ಕೆ ರಾಗ ಇಲ್ಲ ಅಂತ ನಮ್ಮ ಮನೆಯವಳು ಮಕ್ಕಳಿಗೆ ಹೇಳಿಕೊಡ್ತಾಳೆ."

"ಅದೇ ಸಮಸ್ಯೆ. ಮನೆ ಕಾರ್ಡಿಗೆ ಕಾಲೇ ಇಲ್ಲ. ಪಕ್ಕದ ಸಿ ಕಾರ್ಡ್ ಮೇಲೆ ಸ್ವಲ್ಪ ಹೊತ್ತು ನಿಂತ್ರೆ ಸಾಕು, ಅದೇ ಮನೆ ಆಗ್ಬಿಡುತ್ತೆ. ಬಿ ಇಂದ ಹೊರಟಿದ್ದೇ ಮರ್ತುಹೋಗುತ್ತೆ."

ಅವಳು ಏಳನ್ನೂ ಒಂದೊಂದಾಗಿ ಬಾರಿಸಿದಳು. ಬಿ ಡಿಮಿನಿಶ್ಡ್, ಸಿ, ಡಿ ಮೈನರ್, ಇ ಮೈನರ್, ಎಫ್, ಜಿ, ಎ ಮೈನರ್. ಚಕ್ರಪಾಣಿಯವರು ಸರಳಿಗೆ ಕಿವಿ ಕೊಟ್ಟವರಂತೆ ತಲೆ ಓರೆ ಮಾಡಿ, ಒಂದೊಂದಕ್ಕೂ ತಮ್ಮ ಕಿವಿಯ ಸ್ವರ ಏನು ಮಾಡಿತೆಂದು ಹೇಳಿದರು. ಎಫ್ ಬಂದಾಗ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ. ಸಿ ಬಂದಾಗ ಹೊಸ್ತಿಲ ತನಕ ಬಂದು ಒಳಗೆ ಬಾರದೆ ನಿಂತವನ ಹಾಗೆ. ಇ ಮೈನರಿನಲ್ಲಿ ಸಮಾಧಾನ. ಜಿ ಬಂದಾಗ ಪೂರಾ ಅಡಗಿಕೊಳ್ಳುತ್ತದೆ.

"ಅಡಗಿಕೊಂಡ್ರೆ ಒಳ್ಳೇದಲ್ವಾ?"

"ಅಡಗಿಕೊಂಡೇ ನನ್ನನ್ನ ಕೆಡಿಸಿದ್ದು ಕಣಮ್ಮ. ತಂಬೂರೀಲಿ ಮಾಡಿದ್ದೂ ಅದೇ. ಮೊದಲನೇದು ಬಾರ್ಸು. ಅದರಲ್ಲಿ ಅಡಗಲ್ಲ. ಆ ತಂತಿ ನಿಲ್ಲೋ ತನಕ ಅದು ನಿನಗೂ ಕೇಳುತ್ತೆ, ನನಗೂ ಕೇಳುತ್ತೆ."

ಲಿಖಿತಾ ಪೆನ್ನು ಕಚ್ಚಿ ಯೋಚಿಸಿದಳು. ಆಮೇಲೆ ಸಿ ಮತ್ತು ಎಫ್‌ಗಳ ಮೇಲೆ ಗೀಟು ಎಳೆದು, ಬಿ ಡಿಮಿನಿಶ್ಡ್, ಇ ಮೈನರ್, ಜಿ, ಮತ್ತೆ ಬಿ ಡಿಮಿನಿಶ್ಡ್ ಎಂದು ಬರೆದಳು. "ಈ ನಾಲ್ಕರಲ್ಲೂ ನಿಮ್ಮ ಸ್ವರ ಇದೆ. ಸುತ್ತ ಇರೋದು ಬದಲಾಗ್ತಾ ಹೋಗುತ್ತೆ, ಅದು ಕೂತಲ್ಲೇ ಕೂತಿರುತ್ತೆ. ಗುರುವೇ, ನನ್ನ ಹೋಮ್‌ವರ್ಕ್ ಮುಗಿಸಿದ್ರಿ ನೀವು."

ಮಕ್ಕಳ ಪಾಠಕ್ಕೆಂದು ಇಟ್ಟಿದ್ದ, ಹೊಟ್ಟೆಯ ಮೇಲೆ ಆಮೆಯ ಚಿತ್ರ ಅಂಟಿಸಿದ್ದ ಹಳೆಯ ಯುಕುಲೆಲೆಯೊಂದನ್ನು ಅವಳು ಅವರ ಕೈಗೆ ಕೊಟ್ಟಳು. ಬಿ ಡಿಮಿನಿಶ್ಡ್‌ಗೆ, ಕೊರಳಿನ ಪಟ್ಟಿಗಳ ನಡುವಿನ ಮನೆಗಳಲ್ಲಿ, ಮೊದಲ ತಂತಿಯ ನಾಲ್ಕನೆಯದರಲ್ಲಿ ಕಿರುಬೆರಳು, ಎರಡನೆಯದರ ಎರಡರಲ್ಲಿ ಮಧ್ಯದ ಬೆರಳು, ಮೂರನೆಯದರ ಒಂದರಲ್ಲಿ ತೋರುಬೆರಳು, ಕೊನೆಯದರ ಎರಡರಲ್ಲಿ ಉಂಗುರದ ಬೆರಳು. ಕಬ್ಬಿಣದ ಸರಳು ಹಿಡಿದು ಗಿಣ್ಣು ದಪ್ಪವಾದ ಕೈಗೆ ಕಿರುಬೆರಳು ನಾಲ್ಕನೆಯ ಮನೆ ಮುಟ್ಟುತ್ತಲೇ ಇರಲಿಲ್ಲ. "ಆ ತಂತೀನ ನಾಲ್ಕರ ಬದಲು ಎರಡನೇ ಮನೇಲಿ ಒತ್ತಿ ಅಂಕಲ್, ಸುಲಭ. ಸೌಂಡೂ ಸ್ವಲ್ಪ ಮೆತ್ತಗೆ ಬರುತ್ತೆ" ಎಂದಳು ಲಿಖಿತಾ. ಅವರು ಹಾಗೂ ಬಾರಿಸಿ ನೋಡಿ ತಲೆಯಾಡಿಸಿದರು. ಒಂದು ಬಿ ಹೋಗಿಬಿಟ್ಟಿತ್ತು. ಮೆತ್ತಗಿನದು ಅವರಿಗೆ ಬೇಡವಾಗಿತ್ತು.

ಒಂದೂವರೆ ತಿಂಗಳು ದಿನಾ ಸಂಜೆ ವಾಕಿಂಗ್ ಎಂದು ಹೊರಟು, ಗೇಟು ಸದ್ದು ಮಾಡಿಸಿ, ಹಿಂದಿನ ಮೆಟ್ಟಿಲಿಂದ ಮಹಡಿಗೆ ಹತ್ತಿದರು. ಕೆಳಗೆ ಸೀತಾಲಕ್ಷ್ಮಿ ಒಂದು ದಿನ ತರಕಾರಿ ಹೆಚ್ಚುತ್ತ, "ಲಿಖಿತಾ ಮೊದ್ಲು ಎಷ್ಟು ಚೆನ್ನಾಗಿ ಬಾರಿಸ್ತಿದ್ಲು. ಈಗೀಗ ಏನಾಗಿದೆಯೋ ಪಾಪ. ಪ್ರೀತಿ ಗೀತಿ ಏನಾದ್ರೂ ಇರಬೇಕು" ಎಂದರು. ಚಕ್ರಪಾಣಿಯವರು, "ಇರಬಹುದು" ಎಂದರು.

ಚೈತ್ರ ಬಂತು. ರಾಮನವಮಿಯ ಸಂಜೆ ಹನುಮಂತನಗರದ ಗುಡ್ಡದ ಮೇಲಿನ ದೇವಸ್ಥಾನದಲ್ಲಿ ಸೀತಾಲಕ್ಷ್ಮಿಯವರ ಮುಕ್ಕಾಲು ಗಂಟೆಯ ಹಾಡುಗಾರಿಕೆ. ಮೂವತ್ತೊಂದು ವರ್ಷದಿಂದ ತಪ್ಪಿರಲಿಲ್ಲ. ಆಕೆಯ ಬೆನ್ನಹಿಂದೆ ತಂಬೂರಿ ಹಿಡಿದು ಇವರು ಕೂರುವುದೂ ತಪ್ಪಿರಲಿಲ್ಲ. ಹಬ್ಬಕ್ಕೆ ನಾಲ್ಕು ದಿನ ಇರುವಾಗ ಆಕೆ ಪಾತ್ರೆ ಒರೆಸುತ್ತ, ಮುಖ ಈ ಕಡೆ ತಿರುಗಿಸದೆ ಹೇಳಿದರು.

"ಈ ಸಲ ಶ್ರುತಿಪೆಟ್ಟಿಗೆ ಸಾಕು ಅಲ್ವಾ ರೀ? ಮೆಟ್ಲು ಬೇರೆ ಜಾಸ್ತಿ. ಆ ತಂಬೂರಿ ಹೊತ್ಕೊಂಡು ನೀವ್ಯಾಕೆ ಒದ್ದಾಡ್ಬೇಕು. ಮುಂದಿನ ಸಾಲಲ್ಲಿ ಆರಾಮಾಗಿ ಕೂತು ಕೇಳಿ."

ಚಕ್ರಪಾಣಿಯವರು ಎದ್ದು ಹೋದರು. ಮಹಡಿಯ ಮೆಟ್ಟಿಲ ಸದ್ದು ಕೇಳಿ ಸೀತಾಲಕ್ಷ್ಮಿ ಬಟ್ಟೆ ಹಿಡಿದೇ ನಿಂತರು. ಇವರು ಆಮೆಯ ಯುಕುಲೆಲೆಯೊಂದಿಗೆ ಇಳಿದು ಬಂದು, ಅಡುಗೆಮನೆಯ ಮಣೆಯ ಮೇಲೆ ಕೂತು, ಒಂದೊಂದೇ ಬೆರಳು ಕೂರಿಸಿ, ಒಮ್ಮೆ ಮೀಟಿದರು.

"ಇಷ್ಟು ದಿನ ನೀವಾ?" ಎಂದರು ಆಕೆ.

"ಇದರ ಮೇಲಿನ ಸ್ವರ ಇದೆಯಲ್ಲ, ಅದು ನನ್ನ ಕಿವೀಲಿ ನಿಲ್ಲೋದೇ ಇಲ್ಲ ಸೀತಾ. ಮೂರು ಸ್ಥಾಯಿ ಮೇಲೆ. ಎರಡು ವರ್ಷ ಆಯ್ತು. ಗುಗ್ಗೆ ಅಂದದ್ದು ಸುಳ್ಳು."

ಆಕೆ ಪಾತ್ರೆ ಕೆಳಗಿಟ್ಟರು. ನೆಲದ ಮೇಲೆ, ಅವರ ಎದುರಿಗೆ ಕೂತರು. ಎಂದೂ ಹೀಗೆ ಅಡುಗೆಮನೆಯ ನೆಲದಲ್ಲಿ ಕಾಲು ಚಾಚಿ ಕೂತವರಲ್ಲ. ಇನ್ನೊಮ್ಮೆ ಬಾರಿಸಿ ಎಂದರು. ಇವರು ಬಾರಿಸಿದರು. ಆಕೆ ಆ ಸ್ವರವನ್ನು ಷಡ್ಜವೆಂದು ಹಿಡಿದು ಹಾಡಿ ನೋಡಿದರು. ನಲವತ್ತೈದು ವರ್ಷ ಪಳಗಿದ ಗಂಟಲು. ಒಂದು ಉಸಿರು ನಿಂತಿತು. ಮರು ಉಸಿರಿಗೆ ಯಾರೋ ಮೊಣಕೈ ಹಿಡಿದು ಎತ್ತಿದಂತೆ ಅರ್ಧ ಸ್ವರ ಮೇಲಕ್ಕೆ ಜಾರಿ ಅಲ್ಲಿ ತಣ್ಣಗೆ ಕೂತುಬಿಟ್ಟಿತು. ಮತ್ತೆ ಹಿಡಿದರು. ಮತ್ತೆ ಜಾರಿತು. ಮೂರನೆಯ ಸಲ ಕಣ್ಣು ಬಿಗಿಯಾಗಿ ಮುಚ್ಚಿ, ಕೈಯನ್ನು ನೆಲಕ್ಕೆ ಒತ್ತಿ ಹಿಡಿದರು. ಆಗಲೂ ಅಷ್ಟೆ.

"ನನ್ನ ಗಂಟಲು ಅಲ್ಲಿ ನಿಲ್ಲಲ್ಲ ರೀ. ಅದು ಇರೋ ಜಾಗ ಅಲ್ಲ. ಪಂಚಮ ಇಲ್ಲದೆ ಎಲ್ಲಿ ಅಂತ ಊರೋದು?"

"ಲಿಖಿತಾನೂ ಅದೇ ಅಂತಾಳೆ. ಅದರ ಹೆಸರು ಲೋಕ್ರಿಯನ್ ಅಂತೆ."

"ಲೋಕ ಅರಿಯದ್ದು ಅಂತಲಾ?"

ಅವರಿಗೆ ನಗು ಬಂತು. ಆಕೆಗೂ ಬಂತು. ಆಕೆಯ ನಗು ಅರ್ಧದಲ್ಲಿ ಬೇರೇನೋ ಆಗಿ, ಸೆರಗಿನಿಂದ ಮೂಗು ಒರೆಸಿಕೊಂಡರು.

"ನೀನು ಮಣಿ ಸರಿಸೋದು ನೋಡಿದೆ" ಎಂದರು ಚಕ್ರಪಾಣಿ. "ಸಂಕ್ರಾಂತಿ ಹಿಂದಿನ ವಾರ. ಕಿಟಕೀಲಿ."

ಆಕೆ ಒರೆಸಿಟ್ಟ ಪಾತ್ರೆಯನ್ನೇ ಎತ್ತಿಕೊಂಡು ಮತ್ತೆ ಒರೆಸತೊಡಗಿದರು.

"ಎಷ್ಟು ದಿನದಿಂದ ಮಾಡ್ತಿದ್ದೀಯ?"

"ಹೋದ ಹೋದ ವರ್ಷದ ಯುಗಾದಿಯಿಂದ. ದಿನಾ ನೀವು ಆಚೆ ಹೋಗೋದನ್ನೇ ಕಾಯ್ತಿದ್ದೆ."

ನನಗೇ ತಿಳಿಯುವ ಮೊದಲೇ ಇವಳಿಗೆ ತಿಳಿದಿತ್ತು ಎಂದು ಅವರು ಲೆಕ್ಕ ಹಾಕಿದರು. ಮರ ಪಳಗುತ್ತಿದೆ ಎಂದು ಹೆಮ್ಮೆಪಟ್ಟ ದಿನ ಆಕೆ "ಹೂಂ" ಎಂದದ್ದು ನೆನಪಾಯಿತು.

"ಒಂದ್ಮಾತು ಹೇಳ್ಬಾರ್ದಿತ್ತಾ?"

"ನೀವು ಸೇರಿತು ಅಂದ್ಮೇಲೆ ಸೇರಿಲ್ಲ ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ? ಅಷ್ಟು ವರ್ಷ ನಾನು ಹಾಡಿದ್ದು ಆ ಮಾತಿನ ಮೇಲೆ."

ಹೊರಗೆ ಎಳನೀರಿನವನು ಕೂಗುತ್ತ ಹೋದ. ಚಕ್ರಪಾಣಿಯವರು ಬೆರಳುಗಳನ್ನು ಮತ್ತೆ ಮನೆಗಳ ಮೇಲೆ ಜೋಡಿಸಿದರು. ಬಾರಿಸಲಿಲ್ಲ.

"ಗುಡ್ಡಕ್ಕೆ ನಾನು ಬರ್ತೀನಿ ಸೀತಾ. ಶ್ರುತಿ ನೀನೇ ಮಾಡು. ಪೆಟ್ಟಿಗೇನೂ ಇರಲಿ. ನಾನು ಬರೀ ಮೀಟ್ತೀನಿ. ಮುಂದಿನ ಸಾಲಲ್ಲಿ ಕೂತು ನಾನೇನು ಕೇಳಲಿ."

ಆಕೆ ಆಯಿತು ಎಂದರು.

ರಾಮನವಮಿಯ ದಿನ ಬಿಸಿಲು ಇಳಿಯುವ ಹೊತ್ತಿಗೆ ಗುಡ್ಡದ ಮೆಟ್ಟಿಲುಗಳಲ್ಲಿ ಪಾನಕದ ಲೋಟಗಳು ಉರುಳುತ್ತಿದ್ದವು. ಲಿಖಿತಾ ತಂಬೂರಿ ಹೊತ್ತುಕೊಂಡು ಮುಂದೆ ಹತ್ತಿದಳು. ಪಿಟೀಲಿನ ಮೋಹಿತ್, ಸೀತಾಲಕ್ಷ್ಮಿಯವರ ಹಳೆಯ ಶಿಷ್ಯ, ಆಗಲೇ ಬಂದು ಕೂತಿದ್ದ. ಕಲ್ಲಿನ ಮಂಟಪ ಹಗಲೆಲ್ಲ ಕಾದು ಇನ್ನೂ ಬಿಸಿಯಾಗಿತ್ತು. ಸೀತಾಲಕ್ಷ್ಮಿ ಎಲ್ಲರೆದುರು ತಂಬೂರಿಯನ್ನು ತಾವೇ ತೊಡೆಯ ಮೇಲೆ ತೆಗೆದುಕೊಂಡರು. ಮೋಹಿತ್ ಒಮ್ಮೆ ಚಕ್ರಪಾಣಿಯವರತ್ತ ನೋಡಿ, ತಕ್ಷಣ ತನ್ನ ಬಿಲ್ಲಿಗೆ ರಾಳ ಹಚ್ಚಲು ಶುರು ಮಾಡಿದ. ಆಕೆ ಮಣಿ ಸರಿಸಿ, ಜೀವ ಕೂರಿಸಿ, ನಾಲ್ಕು ಸುತ್ತು ಮೀಟಿ, ವಾದ್ಯವನ್ನು ಗಂಡನ ಕೈಗೆ ದಾಟಿಸಿದರು.

ಚಕ್ರಪಾಣಿಯವರು ಅದನ್ನು ಹೆಗಲಿಗೆ ಒರಗಿಸಿಕೊಂಡು ಮೀಟಿದರು. ಗಾಂಧಾರ ಕೇಳಿಸಿತು. ಅದು ಮೀಟುವ ಮೊದಲೂ ಕೇಳಿಸುತ್ತಿತ್ತು. ಅವರು ಮುಂದೆ ಬಗ್ಗಿ, ಆಕೆಗೆ ಮಾತ್ರ ಕೇಳುವಷ್ಟು ಮೆಲ್ಲಗೆ, "ಸೇರಿತಾ?" ಎಂದರು.

"ಸೇರಿತು" ಎಂದರು ಸೀತಾಲಕ್ಷ್ಮಿ.

ಅಷ್ಟು ವರ್ಷ ತಾವು ಹೇಳುತ್ತ ಬಂದ ಮಾತು. ಕೇಳುವವನ ಕಡೆಯಿಂದ ಅದು ಹೀಗಿರುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ನಂಬುವುದು ಬಿಟ್ಟು ಬೇರೇನೂ ಮಾಡುವ ಹಾಗಿರಲಿಲ್ಲ.

ಇಪ್ಪತ್ತು ನಿಮಿಷ ಎಲ್ಲ ಚೆನ್ನಾಗಿಯೇ ಹೋಯಿತು, ಅಥವಾ ಅವರಿಗೆ ಹಾಗನ್ನಿಸಿತು. ಆಮೇಲೆ ಮೋಹಿತ್ ಎರಡು ಸಲ ಹುಬ್ಬು ಗಂಟಿಕ್ಕಿ ತಲೆ ಓರೆ ಮಾಡಿದ. ಸೀತಾಲಕ್ಷ್ಮಿಯವರ ಎಡಗೈ, ಹಾಡಿನ ನಡುವೆಯೇ, ಮಡಿಲ ಪಕ್ಕದ ಶ್ರುತಿಪೆಟ್ಟಿಗೆಯ ಮೇಲೆ ಬಂದು ಅದರ ಸದ್ದನ್ನು ಒಂದಿಷ್ಟು ಏರಿಸಿತು. ಸ್ವಲ್ಪ ಹೊತ್ತಿಗೆ ಇನ್ನೊಂದಿಷ್ಟು. ಕಲ್ಲಿನ ಕಾವಿಗೆ ತಂತಿ ಸಡಿಲಿದೆ ಎಂದು ಚಕ್ರಪಾಣಿಯವರಿಗೆ ಆಕೆಯ ಕೈ ನೋಡಿ ತಿಳಿಯಿತು. ಯಾವ ತಂತಿ? ಪಂಚಮವೇ? ಎಷ್ಟು? ಅವರು ತಂಬೂರಿಯ ಕೊರಳನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಹಿಡಿದರು, ಒಂದು ಕಾಲದಲ್ಲಿ ಸರಳನ್ನು ಒತ್ತಿದ ಹಾಗೆ. ಮರ ನಡುಗುವುದು ಮೂಳೆಗೆ ತಿಳಿಯಿತು. ಗಾಂಧಾರ ಕೇಳಿಸಿತು. ಬೇರೇನೂ ಕೇಳಿಸಲಿಲ್ಲ. ಹಾಡು ನಿಲ್ಲಿಸಿ ಆಕೆ ತಿರುಗುವಂತಿಲ್ಲ. ಇವರು ಕೇಳುವಂತಿಲ್ಲ. ಸಭೆಯಲ್ಲಿ ಜನ ತೊಡೆ ತಟ್ಟಿ ತಾಳ ಹಾಕುತ್ತಿದ್ದರು.

ಚಕ್ರಪಾಣಿಯವರು ಬೆರಳುಗಳನ್ನು ತಂತಿಯಿಂದ ಒಂದು ಎಳ್ಳಿನಷ್ಟು ಮೇಲಕ್ಕೆತ್ತಿದರು. ಪಂಚಮ, ಷಡ್ಜ, ಷಡ್ಜ, ಮಂದ್ರ. ಅದೇ ಲೆಕ್ಕದಲ್ಲಿ, ಅದೇ ನಿಧಾನದಲ್ಲಿ, ಯಾವ ತಂತಿಗೂ ತಾಗದಂತೆ ಗಾಳಿಯನ್ನು ಮೀಟುತ್ತ ಕೂತರು. ಪೆಟ್ಟಿಗೆಯ ಶ್ರುತಿಯೊಂದೇ ಉಳಿಯಿತು. ಮೋಹಿತನ ಹುಬ್ಬು ಸಡಿಲವಾಯಿತು.

ಕೊನೆಗೆ ಶಂಕರಾಭರಣ. ಆಲಾಪನೆ ಮೇಲೇರುವ ಮೊದಲು ಸೀತಾಲಕ್ಷ್ಮಿ ಗಾಂಧಾರಕ್ಕೆ ಬಂದು ನಿಂತರು. ಅಲುಗಿಸದೆ, ತೂಗದೆ, ಗಮಕದ ಸೋಂಕೂ ಇಲ್ಲದೆ, ಬರಿಯ ಗಾಂಧಾರ. ಅಡುಗೆಮನೆಯ ನೆಲದಲ್ಲಿ ಕೂತು ಮೂರು ಸಲ ಹಿಡಿದು ಮೂರು ಸಲವೂ ಜಾರಿಹೋದ ಅದೇ ಸ್ವರ. ಇಲ್ಲಿ ಅದರ ಕೆಳಗೆ ಷಡ್ಜವಿತ್ತು, ಮೇಲೆ ಪಂಚಮವಿತ್ತು, ಅದು ನಿಂತಿತು. ಹಾಗೆ ಹಾಡುವ ಅಭ್ಯಾಸ ಆಕೆಗಿರಲಿಲ್ಲ. ಮೋಹಿತ್ ಬಿಲ್ಲು ಎತ್ತಿಕೊಂಡೇ ಕಾದ. ಆಕೆ ಇನ್ನೂ ಹಿಡಿದೇ ಇದ್ದರು. ಕತ್ತಿನ ನರ ಉಬ್ಬಿತು. ಚಕ್ರಪಾಣಿಯವರಿಗೆ ಕಿವಿಯ ಒಳಗಿನದು ಯಾವುದು, ಹೊರಗಿನದು ಯಾವುದು ತಿಳಿಯದೆ ಹೋಯಿತು. ಅವರ ಬೆರಳು ಗಾಳಿಯಲ್ಲೂ ನಿಂತಿತು.

ಒಂದು ಉಸಿರಿಗೆ ಎಷ್ಟು ಉದ್ದವಿರುತ್ತದೋ ಅಷ್ಟೇ. ಆಮೇಲೆ ಆಕೆ ಪಂಚಮಕ್ಕೆ ಹೋದರು. ಹೋಗಲೇಬೇಕಾಗಿತ್ತು. ಕಿವಿಯೊಳಗಿನದು ಕೂತಲ್ಲೇ ಕೂತಿತ್ತು.

ಇಳಿಯುವಾಗ ಮೆಟ್ಟಿಲುಗಳಲ್ಲಿ ದೀಪ ಹಚ್ಚಿದ್ದರು. ತಂಬೂರಿ ಲಿಖಿತಾಳ ಹೆಗಲ ಮೇಲೆ ಮುಂದೆ ಹೋಗುತ್ತಿತ್ತು. ಸೀತಾಲಕ್ಷ್ಮಿ ಗಂಡನ ಮೊಣಕೈ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತ, ಕೇಳದಿದ್ದರೂ ಹೇಳಿದರು.

"ಚೆನ್ನಾಗಿ ಸೇರಿತ್ತು ರೀ. ಕೊನೇವರೆಗೂ."

ಕೊನೆಯ ಇಪ್ಪತ್ತೈದು ನಿಮಿಷ ತಾವು ತಂತಿ ಮುಟ್ಟಿಯೇ ಇರಲಿಲ್ಲವೆಂದು ಚಕ್ರಪಾಣಿಯವರು ಹೇಳಲಿಲ್ಲ. ಆಕೆಗೆ ಅದು ಗೊತ್ತಿತ್ತೋ ಇಲ್ಲವೋ, ಕೇಳಲೂ ಇಲ್ಲ.

"ಹೂಂ" ಎಂದರು. "ನೋಡ್ಕೊಂಡು ಇಳಿ. ಇಲ್ಲಿ ಪಾನಕ ಚೆಲ್ಲಿದೆ."